ಮೊದಲು ನೀರು

ಬಾಯಾರಿಕೆಯ ಬಗ್ಗೆ ಯಾರಾದರೂ ಸಲೀಸಾಗಿ ಮಾತಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. "ಅಬ್ಬಾ, ಬಾಯಾರಿ ಸತ್ತೇ ಹೋದೆ" ಎನ್ನುತ್ತಾ ಲೋಕಲ್ ಟ್ರೇನಿನಲ್ಲಿ ಬಾಟಲಿ ಎತ್ತಿ ಗಟಗಟ ಕುಡಿಯುವ ಹೆಂಗಸರನ್ನು ಕಂಡರೆ, ಅವರ ಗಂಟಲು ಏರಿಳಿಯುವುದನ್ನೇ ನೋಡುತ್ತಾ ನಾನು ನಿಂತಿರುತ್ತಿದ್ದ ಕಾಲ ನೆನಪಾಗುತ್ತದೆ. ಇಡೀ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಗೊತ್ತುಮಾಡಿದ ನೀರನ್ನು ಒಂದು ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು, ಮಾತ್ರೆ ನುಂಗಲಿಕ್ಕೆ ಎಷ್ಟು, ಊಟಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಾ ಓಡಾಡಿದವಳು ನಾನು. ಅದೂ ಹೋಟೆಲಿನವರ ಮಗಳು!

ಅಪ್ಪನದು ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಉಡುಪಿ ಹೋಟೆಲು. ದೊಡ್ಡದೇನಲ್ಲ, ಆದರೆ ಬೆಳಗಿನ ಹೊತ್ತು ಕೂರಲು ಜಾಗ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಸಪ್ಲೈಯರಿಗೂ ಅಪ್ಪ ಕಲಿಸುತ್ತಿದ್ದ ಮೊದಲ ಪಾಠ ಒಂದೇ: "ಬಂದವರ ಮುಂದೆ ಮೊದಲು ನೀರು ಇಡುವುದು. ಎಂತ ಬೇಕು ಅಂತ ಆಮೇಲೆ ಕೇಳು." ಬರೀ ನೀರು ಕುಡಿದು ಎದ್ದುಹೋಗುವ ಹಮಾಲರೂ ಇದ್ದರು. ಅವರಿಗೂ ಅದೇ ಮೇಜು, ಅದೇ ಸ್ಟೀಲ್ ಲೋಟ. ಅಜ್ಜನ ಕಾಲದಲ್ಲಿ ಊರಿನ ಹೋಟೆಲಿನಲ್ಲಿ ಕೆಲವರಿಗೆ ಹೊರಗೆ, ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದರಂತೆ. ಚಿಕ್ಕವರಿದ್ದಾಗ ಅಪ್ಪ ಅದನ್ನು ದಿನಾ ನೋಡಿದವರು. ಆ ವಿಷಯ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ನಾನೇ ಕೆದಕಿದಾಗ, "ನಾನು ನೀರು ಕೊಡುವುದು ಧರ್ಮ ಅಂತ ಅಲ್ಲ ಮಗಾ. ಆ ಗೂಡು ಇನ್ನೂ ಕಣ್ಣಿಗೆ ಕಾಣ್ತದೆ" ಎಂದು ಗಲ್ಲಾದ ಕಡೆ ತಿರುಗಿಬಿಟ್ಟಿದ್ದರು.

ಮದುವೆಯಾದ ಮೇಲೆ ನಾನಿದ್ದದ್ದು ಐರೋಲಿಯಲ್ಲಿ. ಗಂಡ ಪ್ರಸಾದ್ ಮೈಸೂರಿನವರು. ಐರೋಲಿಯಲ್ಲಿ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ಅವುಗಳಲ್ಲೊಂದರಲ್ಲಿ ಅವರ ಕೆಲಸ. ನನ್ನದು ಠಾಣೆಯಲ್ಲಿ ಒಂದು ವಿಮಾ ಕಚೇರಿ. ಕಾಲು ಊದಿಕೊಂಡಾಗ ಟ್ರೇನಿನಲ್ಲಿ ನಿಂತು ನಿಂತು ಹೀಗಾಗಿದೆ ಎಂದುಕೊಂಡೆ. ಚಪ್ಪಲಿ ಬಿಗಿಯಾದಾಗ ದೊಡ್ಡದೊಂದು ಜೊತೆ ಕೊಂಡೆ. ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣದ ರುಚಿ ಬಂದಾಗ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಕಡೆಗೆ ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದಿಟ್ಟು, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಮುಂದೆ ಯಾರದಾದರೂ ಕಿಡ್ನಿ ಸಿಕ್ಕರೆ ಕಸಿ.

ಪ್ರಸಾದ್ ಮೊಬೈಲಿನಲ್ಲಿ ಏನೋ ಹುಡುಕತೊಡಗಿದರು. ಅಮ್ಮ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು, "ನಂದು ತೆಕ್ಕೊಳ್ಳಿ, ನಾಳೆಯೇ ತೆಕ್ಕೊಳ್ಳಿ" ಎಂದಳು. ಅಪ್ಪ ಮಾತ್ರ ಕೇಳಿದ್ದು ನೀರಿನ ಬಗ್ಗೆ. ಡಾಕ್ಟರು ನೀರಿಗೆ ಮಿತಿ ಹಾಕಿದ್ದನ್ನು ಪ್ರಸಾದ್ ತಿಳಿಸಿದಾಗ, "ನೀರು ಕೂಡಾ ಕೊಡ್ಲಿಕ್ಕಿಲ್ವಾ? ಕೇಳಿದ್ರೂ?" ಎಂದು ಎರಡೆರಡು ಸಲ ಕೇಳಿದರು. ಆ ಮುಖ ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಠಾಣೆಯ ಆ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಎರಡು ಜಾಗಗಳಿದ್ದವು. ಒಳಗೆ ಎ.ಸಿ. ಕೋಣೆ, ಟೀವಿ, ಮೆತ್ತನೆಯ ಕುರ್ಚಿ. ಹೊರಗೆ ಫ್ಯಾನು ತಿರುಗುವ ಉದ್ದನೆಯ ಹಾಲ್. ಮಷೀನು ಎರಡೂ ಕಡೆ ಒಂದೇ ಕಂಪನಿಯದು. ರಕ್ತ ತೊಳೆಯುವ ನೀರು ಬರುತ್ತಿದ್ದದ್ದೂ ಗೋಡೆಯ ಹಿಂದಿನ ಒಂದೇ ಟ್ಯಾಂಕಿನಿಂದ. ಪ್ರಸಾದರ ಕಂಪನಿಯ ವಿಮೆಯಿಂದ ನನಗೆ ಒಳಗಿನ ಕೋಣೆ ಸಿಕ್ಕಿತ್ತು. ಆದರೆ ರಕ್ತ ಹೊರಗೆ ಹೋಗಿ ಒಳಗೆ ಬರುವಾಗಲೇ ಮೈ ನಡುಗುತ್ತದೆ, ಅದರ ಮೇಲೆ ಎ.ಸಿ. ಬೇರೆ. ಸುತ್ತ ಮೂರು ಜನ ಕಣ್ಣು ಮುಚ್ಚಿ, ಒಬ್ಬರ ಮುಖ ಒಬ್ಬರು ನೋಡದೆ ಮಲಗಿರುತ್ತಿದ್ದರು. ನನ್ನ ಕಾಲುಗಳೋ, ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಮೂಳೆಯ ಒಳಗೆ ಇರುವೆ ಹರಿದಂತಾಗಿ, ಕೊಡವದೆ ಇರಲಾಗುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ನನಗೆ ಹುಚ್ಚು ಹಿಡಿಯುವುದೊಂದೇ ಬಾಕಿ. ಒಂದು ತಿಂಗಳೂ ತಡೆಯಲಾಗದೆ ನಾನೇ ಕೇಳಿಕೊಂಡು ಹೊರಗಿನ ಹಾಲ್‌ಗೆ ಬಂದೆ.

"ಸಿಗೋದು ಬಿಟ್ಟು ಹೋಗ್ತೀಯಲ್ಲ, ನಿಂಗೇನಾದ್ರೂ ತಲೆ ಕೆಟ್ಟಿದ್ಯಾ?" ಎಂದರು ಪ್ರಸಾದ್.

"ಕೆಟ್ಟಿರೋದು ಕಿಡ್ನಿ" ಎಂದೆ.

ಹಾಲ್‌ನಲ್ಲಿ ನನ್ನ ಕಾಲಿನ ಕುಣಿತ ನೋಡಿ ಮೊದಲು ಮಾತಾಡಿಸಿದವಳು ರೇಣವ್ವ. ವಿಜಯಪುರದ ಕಡೆಯವಳು. ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆ ಬಂದು, ಗಂಡ ತೀರಿಹೋದ ಮೇಲೆ ಕಳವಾ ಎಂಬ ಊರಿನ ಒಂದು ಚಾಳಿನಲ್ಲಿ ಮಗನ ಜೊತೆ ಇದ್ದಳು. ಠಾಣೆಯ ಟವರ್‌ಗಳಲ್ಲಿ ಮೂರು ಮನೆಗೆ ಚಪಾತಿ ಮಾಡಿಕೊಡುವುದು ಅವಳ ಕೆಲಸ. ಅವಳ ಪಾಳಿ ನನ್ನ ನಂತರದ್ದು. ಆದರೆ ಬೇಗ ಬಂದು, ಬಾಗಿಲ ಬಳಿ ನೆಲದ ಮೇಲೆ ಕೂತಿರುತ್ತಿದ್ದಳು.

"ಅಕ್ಕಾರ, ಕಾಲು ಹಂಗ್ಯಾಕ ಝಾಡಸ್ತೀರಿ? ಸೂಜಿ ಕಿತ್ತು ಬಂದೀತು" ಎಂದು ಎದ್ದು ಬಂದು ನನ್ನ ಮೀನಖಂಡಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹಿಟ್ಟು ನಾದಿದ ಕೈ. ಕಾಲು ನಿಂತಿತು. ಈ ಊರಲ್ಲಿ ಗುರುತಿಲ್ಲದವರು ಕಾಲು ಮುಟ್ಟಿ ಸಮಾಧಾನ ಮಾಡಿದ್ದು ನನಗೆ ಅದೇ ಮೊದಲು.

ಅವಳಿಗೆ ಧರ್ಮಾರ್ಥ ಕೋಟಾದಲ್ಲಿ ವಾರಕ್ಕೆ ಎರಡೇ ಸಲ. ಮೂರನೆಯದು ಬೇಕೆಂದು ಡಾಕ್ಟರೇ ಬರೆದುಕೊಟ್ಟಿದ್ದರೂ ಸಿಕ್ಕಿರಲಿಲ್ಲ. ಹಾಗಾಗಿ ಅವಳ ಪಾಲಿನ ನೀರು ನನ್ನದಕ್ಕಿಂತಲೂ ಕಡಿಮೆ. ಒಲೆಯ ಮುಂದೆ ನಿಲ್ಲುವವಳು ಅವಳು, ಫ್ಯಾನಿನ ಕೆಳಗೆ ಕೂತು ಫೈಲ್ ನೋಡುವವಳು ನಾನು. ಅದನ್ನು ಯೋಚಿಸಿದರೆ ನನಗೆ ತಲೆ ಬಿಸಿಯಾಗುತ್ತಿತ್ತು. ಅವಳಿಗೆ ಆಗುತ್ತಿರಲಿಲ್ಲ.

"ಬರ್ಫದ ತುಣಕ ಬಾಯಾಗ ಇಟ್ಕೋರಿ. ನುಂಗಬ್ಯಾಡ್ರಿ, ತಾನ ಕರಗ್ಲಿ. ನೀರಡಿಕಿಗೆ ನಾವು ಅದನ್ನ ಮರ್ತೀವಿ ಅಂತ ಅನಸ್ಬೇಕು ನೋಡ್ರಿ" ಎಂದು ನಗುತ್ತಿದ್ದಳು.

ಮೇ ತಿಂಗಳ ಒಂದು ಸೋಮವಾರ. ಸಾಮಾನ್ಯವಾಗಿ ನನ್ನ ಜೊತೆ ಬರುತ್ತಿದ್ದದ್ದು ಅಮ್ಮ. ಅಂದು ಅವಳಿಗೆ ಜ್ವರವಿದ್ದುದರಿಂದ ಅಪ್ಪ ಬಂದರು. ಡಯಾಲಿಸಿಸ್ ವಿಭಾಗದೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಬಿಳಿ ಪಂಚೆ, ಮಡಚಿದ ತೋಳಿನ ಅಂಗಿ, ಕೈಯಲ್ಲಿ ಹೋಟೆಲಿನ ದೊಡ್ಡ ಕ್ಯಾರಿಯರ್. ಬಂದು ನೋಡಿದರೆ ಕೆಲಸವೇ ಶುರುವಾಗಿಲ್ಲ. ನಗರದಲ್ಲಿ ನೀರಿನ ಕಡಿತ, ಆಸ್ಪತ್ರೆಯ ಟ್ಯಾಂಕರ್ ಬಂದಿಲ್ಲ, ನೀರಿಲ್ಲದೆ ಮಷೀನುಗಳು ನಡೆಯುವುದಿಲ್ಲ. ಮೊದಲ ಪಾಳಿಯವರೂ ಎರಡನೆಯ ಪಾಳಿಯವರೂ ಒಟ್ಟಿಗೆ ಬೆಂಚುಗಳ ಮೇಲೆ, ನೆಲದ ಮೇಲೆ ಬೆವರುತ್ತಾ ಕೂತಿದ್ದರು. ಜನ ಎದ್ದು ಎದ್ದು ಕಿಟಕಿಗೆ ಹೋಗಿ ಟ್ಯಾಂಕರ್ ಬಂತೇ ಎಂದು ಇಣುಕುತ್ತಿದ್ದರು. ನಾನೂ ಕೂತಲ್ಲಿ ಕೂರಲಾಗದೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದೆ.

ಅಷ್ಟು ಜನ ಒಣಗಿದ ಬಾಯಲ್ಲಿ ಎದುರಿಗೆ ಕೂತಿರುವುದನ್ನು ಅಪ್ಪ ಜನ್ಮದಲ್ಲಿ ನೋಡಿರಲಿಲ್ಲ. ನನ್ನನ್ನು ತೂಕ, ಬಿ.ಪಿ. ನೋಡಲಿಕ್ಕೆ ಒಳಗೆ ಕರೆದುಕೊಂಡು ಹೋದ ಹೊತ್ತಿನಲ್ಲಿ ಅವರ ಕೈ ಸುಮ್ಮನಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಎಳನೀರಿನ ಗಾಡಿ ನಿಂತಿತ್ತು. ರೋಗಿಗಳಿಗೆ ನೀರು ಕೊಡಬಾರದು ಎಂದು ಅವರಿಗೆ ಗೊತ್ತಿತ್ತು. ಜೊತೆಗೆ ಬಂದವರಿಗೇನು? ಅವರಿಗೆ ಕೊಡಬಹುದಲ್ಲ. ಒಂದೊಂದೇ ಎಳನೀರು ಕೆತ್ತಿಸಿ ತಂದು ಹಂಚಿದರು. ಕ್ಯಾರಿಯರ್ ಬಿಚ್ಚಿ, ಹೋಟೆಲಿನಲ್ಲಿ ಬೆಳಿಗ್ಗೆ ಕರಿದ ಬಾಳೆಹಣ್ಣಿನ ಬನ್ಸ್ ಕೊಟ್ಟರು. ರೋಗಿಗಳ ಪಕ್ಕ ಗಂಡನೋ ಮಗಳೋ ಯಾರಾದರೊಬ್ಬರು ಇದ್ದೇ ಇದ್ದರು. ರೇಣವ್ವ ಒಬ್ಬಳೇ ಬಂದಿದ್ದಳು. ಕಾಯಿಲೆಯವರು ಒಬ್ಬರೇ ಬರುತ್ತಾರೆ ಎಂಬುದು ಅಪ್ಪನಿಗೆ ಹೊಳೆಯಲೇ ಇಲ್ಲ. ಯಾರದೋ ಜೊತೆ ಬಂದವಳು ಎಂದುಕೊಂಡು ಅವಳಿಗೂ ಕೊಟ್ಟರು.

ಎಳನೀರು, ಬಾಳೆಹಣ್ಣು. ನಮ್ಮ ಕಡೆ ಕಾಯಿಲೆ ಬಿದ್ದವರಿಗೆ ಮೊದಲು ಕೊಡುವುದೇ ಇವನ್ನು. ಕಿಡ್ನಿ ಕೆಟ್ಟವರಿಗೆ ಇವೆರಡೂ ವಿಷ, ನೇರ ಹೃದಯಕ್ಕೇ ಹೊಡೆಯುತ್ತವೆ ಎಂದು ನಮ್ಮ ಮನೆಯಲ್ಲಿ ಅಮ್ಮನಿಗೆ ಗೊತ್ತಿತ್ತು. ಅಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಟ್ಯಾಂಕರ್ ಬಂತು. ಮೊದಲ ಪಾಳಿಯವರನ್ನು ಒಬ್ಬೊಬ್ಬರನ್ನಾಗಿ ಮಷೀನಿಗೆ ಹಾಕುತ್ತಾ ಬಂದು, ಕಡೆಗೆ ನನ್ನ ಸರದಿ. ನಾನು ಹಾಸಿಗೆಯ ಮೇಲೆ ಕೂತು ತೋಳು ಚಾಚಿದ್ದೆ. ಸಿಸ್ಟರ್ ಸೂಜಿ ಕೈಗೆತ್ತಿಕೊಂಡಿದ್ದಳು. ಬಾಗಿಲ ಬಳಿ ರೇಣವ್ವ ಏಳಲು ಹೋಗಿ ಕುಸಿದಳು.

"ಕಾಲಾಗ ತ್ರಾಣ ಇಲ್ರೀ... ಎದಿ ಹೆಂಗೋ ಆಗ್ತದ" ಎಂದದ್ದು ಕೇಳಿಸಿತು.

ಓಡಿ ಬಂದ ಡಾಕ್ಟರು ಎದೆಗೆ ವೈರು ಅಂಟಿಸಿ ನೋಡಿದರು. ಒಂದು ಇಂಜೆಕ್ಷನ್ ಕೊಟ್ಟರು. ಇದು ಸ್ವಲ್ಪ ಹೊತ್ತಿಗೆ ಮಾತ್ರ, ಈಗಿಂದೀಗಲೇ ಡಯಾಲಿಸಿಸ್ ಆಗಬೇಕು ಎಂದರು. ಆಗ ಗೊತ್ತಾಯಿತು, ಅವಳು ಗುರುವಾರದ ತನ್ನ ಸರದಿಗೆ ಬಂದಿರಲಿಲ್ಲ. ಚಪಾತಿ ಮಾಡುವ ಮನೆಯೊಂದರಲ್ಲಿ ಮದುವೆ, ರಜೆ ಕೊಟ್ಟಿರಲಿಲ್ಲ. ಸಿಸ್ಟರ್ ಸುತ್ತ ನೋಡಿದಳು. ಹಾಲ್‌ನ ಎಲ್ಲ ಮಷೀನುಗಳೂ ತಿರುಗುತ್ತಿದ್ದವು, ನನ್ನದೊಂದನ್ನು ಬಿಟ್ಟು. ಒಳಗಿನ ಎ.ಸಿ. ಕೋಣೆಯಲ್ಲಿ ಒಂದು ಖಾಲಿ ಇತ್ತು. ಅದನ್ನು ಕೋಟಾದವರಿಗೆ ಕೊಡಬೇಕಾದರೆ ಆಫೀಸಿನ ಒಪ್ಪಿಗೆ ಬೇಕು, ಒಪ್ಪಿಗೆ ಕೊಡುವವರು ಫೋನ್ ಎತ್ತುತ್ತಿಲ್ಲ.

ಅಪ್ಪನ ಕೈಯಲ್ಲಿ ಇನ್ನೂ ಖಾಲಿ ಕ್ಯಾರಿಯರ್ ಇತ್ತು. ಅವಳು ಏನು ತಿಂದಳು, ಏನು ಕುಡಿದಳು ಎಂದು ಡಾಕ್ಟರು ಕೇಳುತ್ತಿದ್ದದ್ದು, ಯಾರೋ ಅಪ್ಪನ ಕಡೆ ಕೈ ತೋರಿಸಿದ್ದು, ಎಲ್ಲ ನನಗೆ ಕಾಣುತ್ತಿತ್ತು. ಅವರು ನೆಟ್ಟಗೆ ನನ್ನ ಹಾಸಿಗೆಯ ಹತ್ತಿರ ಬಂದರು. ಹೊರಗೆ ನನ್ನೊಡನೆ ಯಾವಾಗಲೂ ಕನ್ನಡ ಮಾತಾಡುವ ಅಪ್ಪ, ಅಂದು ಮನೆಯ ತುಳುವಿನಲ್ಲಿ ಹೇಳಿದರು:

"ಲಕ್ಕ್‌ಲ ಮಗಾ."

ಏಳು, ಎಂದು.

ನನಗೆ ಸಿಟ್ಟು ಬಂತು. ಶುಕ್ರವಾರದಿಂದ ಮೈಯಲ್ಲಿ ತುಂಬಿಕೊಂಡ ನೀರು ಎದೆಯವರೆಗೆ ಬಂದಿದೆ, ಉಸಿರು ಅರ್ಧಕ್ಕೇ ನಿಲ್ಲುತ್ತಿದೆ, ರಾತ್ರಿ ದಿಂಬು ಒರಗಿಸಿ ಕೂತೇ ಕಳೆದಿದ್ದೇನೆ. ಹೆತ್ತ ಅಪ್ಪ ಬಂದು ಏಳು ಎನ್ನುತ್ತಾರೆ. ಇನ್ನೊಂದು ಮಾತು ಹೇಳಿದ್ದರೆ ನಾನು ಜಗಳ ಮಾಡುತ್ತಿದ್ದೆ, ಖಂಡಿತ. ಅವರು ಹೇಳಲಿಲ್ಲ. ನನ್ನ ಮೊಣಕೈ ಹಿಡಿದು ನಿಂತರು. ನಾನು ಎದ್ದೆ.

ರೇಣವ್ವನನ್ನು ನನ್ನ ಜಾಗದಲ್ಲಿ ಮಲಗಿಸಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಪ್ರಸಾದ್‌ಗೆ ಫೋನ್ ಮಾಡಿದೆ.

"ನಿಮ್ಮಪ್ಪಂಗೆ ಮಗಳಿಗಿಂತ ಗಿರಾಕಿ ಹೆಚ್ಚಾ? ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ನೀನ್ಯಾಕೆ ಎದ್ದೆ?" ಎಂದು ಅವರು ಕೂಗಾಡಿದ್ದು ಪಕ್ಕದಲ್ಲಿದ್ದ ಅಪ್ಪನಿಗೂ ಕೇಳಿಸಿತು. ಆಮೇಲೆ ಪ್ರಸಾದ್ ಎಲ್ಲೆಲ್ಲಿಗೆ ಫೋನ್ ಮಾಡಿದರೋ ತಿಳಿಯದು. ಸಂಜೆಯವರೆಗೆ ಕಾಯಬೇಕಾದೀತು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಿಸ್ಟರ್ ಬಂದು, ಬನ್ನಿ ಮೇಡಂ, ಎಂದು ಒಳಗಿನ ಕೋಣೆಯ ಬಾಗಿಲು ತೆರೆದಳು. ಯಾರೂ ಫೋನ್ ಎತ್ತದ ಆಫೀಸಿನವರು ನನಗಾಗಿ ಎತ್ತಿದ್ದರು. ಅದೇ ಖಾಲಿ ಮಷೀನು. ಅದೇ ಮೆತ್ತನೆಯ ಕುರ್ಚಿ. ನನ್ನ ಬೆವರು ಆರುವ ಮೊದಲೇ ಸೂಜಿ ಚುಚ್ಚಿಯಾಗಿತ್ತು.

ರೇಣವ್ವ ಉಳಿದಳು. ಆಮೇಲೆ ಹಾಲ್‌ನವರೆಲ್ಲ ನನ್ನನ್ನು ದೇವರೆಂಬಂತೆ ನೋಡತೊಡಗಿದರು. ಬಿಟ್ಟುಕೊಟ್ಟಳಂತೆ, ತನ್ನ ಜೀವ ಪಣಕ್ಕಿಟ್ಟಳಂತೆ. ನಾನು ಎಲ್ಲಿ ಏನು ಪಣಕ್ಕಿಟ್ಟೆ? ಎದ್ದವಳಿಗೆ ಇನ್ನೊಂದು ಕುರ್ಚಿ ಕಾದಿತ್ತು. ಬೇಡ ಎಂದು ಬಿಟ್ಟು ಬಂದ ಕೋಣೆಯಾದರೂ ಅದು ನನ್ನದಾಗಿಯೇ ಉಳಿದಿತ್ತು. ಇದನ್ನು ಹೇಳಿದರೆ, ದೊಡ್ಡ ಮನಸ್ಸಿನವರು ಹೀಗೇ ಮಾತಾಡುವುದು ಎಂದು ಇನ್ನಷ್ಟು ಹೊಗಳುತ್ತಿದ್ದರು. ಕಾಯಿಲೆಗಿಂತ ಆ ಹೊಗಳಿಕೆ ನನ್ನನ್ನು ಹೆಚ್ಚು ತಿಂದಿತು.

ಮರುದಿನ ಊಟದ ಹೊತ್ತಿನಲ್ಲಿ ಪ್ರಸಾದ್ ನಡೆದದ್ದನ್ನೆಲ್ಲ ಮತ್ತೆ ಕೆದಕಿ, ತಮ್ಮ ಫೋನಿನಿಂದ ಎಲ್ಲ ಸರಿಹೋಯಿತು ಎಂದು ಹೇಳುತ್ತಿದ್ದರು. ಮಗಳು ನಿಧಿಗೆ ಆಗ ಹನ್ನೊಂದು ವರ್ಷ. ಕನ್ನಡ ಅರ್ಥವಾದರೂ ಅವಳು ಮಾತಾಡುವುದು ಹಿಂದಿಯಲ್ಲೇ.

"ತೋ ಪಾಪಾ, ಅಂದರ್‌ವಾಲೀ ಮಷೀನ್ ಆಂಟೀ ಕೋ ಹೀ ಕ್ಯೂಂ ನಹೀ ದೀ?" ಎಂದಳು.

ಒಳಗಿನ ಮಷೀನು ಆ ಆಂಟಿಗೇ ಯಾಕೆ ಕೊಡಲಿಲ್ಲ? ಪ್ರಸಾದ್ ಮೊಸರು ಬಡಿಸಿಕೊಂಡರು. ನಾನು ಅವಳ ತಟ್ಟೆಗೆ ಪಲ್ಯ ಹಾಕಿದೆ. ಅವಳು ಉತ್ತರಕ್ಕಾಗಿ ಇಬ್ಬರ ಮುಖವನ್ನೂ ನೋಡಿ, ಕಡೆಗೆ ಟೀವಿ ಹಾಕಿಕೊಂಡಳು.

ಅಪ್ಪ ಒಂದು ವಾರ ಹೋಟೆಲಿನ ಗಲ್ಲಾದಲ್ಲಿ ಕೂರಲಿಲ್ಲ. "ಕೊಟ್ಟ ಕೈಯಿಂದ ಇಷ್ಟು ಕೆಟ್ಟದ್ದು ಆಗ್ತದಾ?" ಎಂದು ಅಮ್ಮನನ್ನು ಕೇಳಿದರಂತೆ. ಆಮೇಲೊಂದು ಸೋಮವಾರ ನನ್ನ ಜೊತೆ ಆಸ್ಪತ್ರೆಗೆ ಬಂದು ರೇಣವ್ವನ ಎದುರು ಕೈ ಮುಗಿದು ನಿಂತರು. ಅವಳು ಗಡಬಡಿಸಿ ಎದ್ದಳು.

"ಅಯ್ಯೋ, ಬಿಡ್ರಿ ಅಪ್ಪಾರ. ಎಳನೀರು ಕುಡೀಬಾರ್ದು ಅಂತ ನನಗ ಗೊತ್ತಿತ್ತು."

"ಗೊತ್ತಿದ್ದೂ ಕುಡಿದ್ಯಾ? ಯಾಕೆ?" ಎಂದೆ ನಾನು. ನನ್ನ ದನಿ ಏರಿತ್ತು.

ಅವಳು ಸೆರಗು ಸರಿಮಾಡಿಕೊಂಡಳು. "ಮೂರು ಮನ್ಯಾಗ ಚಪಾತಿ ಮಾಡ್ತೀನ್ರಿ ಅಕ್ಕಾರ. ಮೂರೂ ಮನ್ಯಾಗ ನನ್ನ ಕಪ್ಪು ಬ್ಯಾರೇನ ಐತಿ, ಮೋರಿ ಬಾಜೂಕ ಇಟ್ಟಿರ್ತಾರ. ನಾನ ತೊಳ್ಕೊಂಡು, ನಾನ ಚಾ ಹಾಕ್ಕೋಬೇಕು. ಇಷ್ಟು ದೊಡ್ಡವ್ರು ಎರಡೂ ಕೈಲೆ ಹಿಡ್ದು ಕುಡಿಯವ್ವಾ ಅಂದ್ರು. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ."

ಅಪ್ಪ ಬೆಂಚಿನ ಮೇಲೆ ಕೂತರು. ಅವರ ಕಣ್ಣಿಗೆ ಆಗ ಯಾವ ಗೋಡೆಯ ಗೂಡು ಕಾಣುತ್ತಿತ್ತೆಂದು ನನಗೆ ಗೊತ್ತಿತ್ತು. ಅಜ್ಜನ ಕಾಲದ ಲೋಟ ಗೋಡೆಯ ಗೂಡಿನಲ್ಲಿತ್ತು, ಈಗಿನವರ ಕಪ್ಪು ಮಾಡ್ಯುಲರ್ ಕಿಚನ್ನಿನ ಸಿಂಕಿನ ಪಕ್ಕದಲ್ಲಿದೆ, ಅಷ್ಟೇ. ನಡುವೆ ಅಪ್ಪ ಒಬ್ಬರು ಆಯುಷ್ಯವಿಡೀ ಲೋಟ ತುಂಬಿಸಿ ಇಟ್ಟರು. ಅದರಿಂದ ಏನು ಬದಲಾಯಿತೋ. ಒಬ್ಬ ಹೆಂಗಸಿಗೆ ಸಾಯುವಷ್ಟು ಸಂತೋಷವಾಯಿತು, ಅಷ್ಟು ಬಲ್ಲೆ.

ಅಂದಿನಿಂದ ಅವಳ ಸರದಿಯ ದಿನ ಹೋಟೆಲಿನಿಂದ ಉಪ್ಪಿಲ್ಲದ ಇಡ್ಲಿ, ಎರಡು ಸಲ ನೀರು ಬದಲಿಸಿ ಬೇಯಿಸಿ ಬಸಿದ ಪಲ್ಯ ಬರತೊಡಗಿತು. ಅಮ್ಮನ ಹತ್ತಿರ ಕೇಳಿ ಕಲಿತು ಅಪ್ಪನೇ ನಿಂತು ಮಾಡಿಸುತ್ತಿದ್ದರು. ಮೂರನೆಯ ಸರದಿಗಾಗಿ ಅವರು ಆಫೀಸಿಗೆ ಅಲೆದದ್ದೂ ಅಲೆದದ್ದೇ, ಪ್ರಸಾದ್ ಕೂಡ ಒಮ್ಮೆ ಫೋನ್ ಮಾಡಿದರು. ನನಗೆ ತೆರೆದ ಬಾಗಿಲು ಅವಳಿಗೆ ತೆರೆಯಲಿಲ್ಲ.

ಮುಂದಿನ ವರ್ಷ ಅಮ್ಮನ ಕಿಡ್ನಿ ನನಗೆ ಹಾಕಿದರು. ಆಪರೇಷನ್ನಿಗೆ ಹೋಗುವ ಮುನ್ನ ಅಮ್ಮ, "ಹೆತ್ತಾಗ ಕೊಟ್ಟದ್ದು ಹಾಳು ಮಾಡಿಕೊಂಡೆ, ಇದನ್ನಾದ್ರೂ ಸರಿ ನೋಡಿಕೋ ಮಾರಾಯ್ತಿ" ಎಂದು ಬೈದು ಹೋದಳು. ರೇಣವ್ವನ ಮಗ ಕೂಡ ತನ್ನದು ಕೊಡುತ್ತೇನೆ ಎಂದಿದ್ದ. ಅವಳು ಒಪ್ಪಲಿಲ್ಲ. ಅವನು ಸಿಮೆಂಟ್ ಚೀಲ ಹೊರುವವನು. "ಅಂವ ಬಗ್ಗಿ ಭಾರ ಎತ್ಬೇಕ್ರಿ. ನಾಳೆ ಹೆಣ್ಣು ಯಾರು ಕೊಡ್ತಾರ?" ಎಂದಳು. ನನ್ನ ತಾಯಿಯ ಪ್ರೀತಿ ಕಿಡ್ನಿ ಕೊಟ್ಟಿತು, ಅವಳ ತಾಯ್ತನ ಬೇಡ ಎಂದಿತು. ನಾನು ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಸಮಾಧಾನವಾಗುವ ಕಡೆಗೆ ಬಂದು ನಿಲ್ಲುವುದಿಲ್ಲ.

ಕಸಿಯಾದ ಮೇಲೆ ಡಾಕ್ಟರು ಹೇಳಿದ್ದು ಪೂರ್ತಿ ತಿರುವುಮುರುವು. ನೀರು ಚೆನ್ನಾಗಿ ಕುಡಿಯಬೇಕು, ಬಾಯಾರದಿದ್ದರೂ ಕುಡಿಯಬೇಕು. ನಾನು ದೊಡ್ಡ ಬಾಟಲಿ ಹಿಡಿದು ತಿರುಗತೊಡಗಿದೆ. ಟ್ರೇನಿನಲ್ಲಿ ಮಾತ್ರ ಈಗಲೂ ಗೋಡೆಯ ಕಡೆ ತಿರುಗಿ ಕುಡಿಯುತ್ತೇನೆ. ಎದುರಿಗೆ ಯಾರು ಕೂತಿದ್ದಾರೋ ಯಾರಿಗೆ ಗೊತ್ತು.

ಒಂದು ಭಾನುವಾರ ರೇಣವ್ವ ನನ್ನನ್ನು ನೋಡಲು ಡೊಂಬಿವಲಿಯ ಹೋಟೆಲಿಗೆ ಬಂದಳು. ಇನ್ನಷ್ಟು ಕರಗಿದ್ದಳು, ಕಪ್ಪಾಗಿದ್ದಳು. ಮೂಲೆಯ ಮೇಜಿಗೆ ಎದುರುಬದುರು ಕೂತೆವು. ಹೊಸ ಸಪ್ಲೈಯರ್ ಬಂದು, ಕಲಿಸಿದ ಪಾಠದಂತೆ ಇಬ್ಬರ ಮುಂದೆಯೂ ತುಂಬಿದ ಲೋಟ ಇಟ್ಟು ಹೋದ. ಗಲ್ಲಾದಿಂದ ಅದನ್ನು ಕಂಡ ಅಪ್ಪ ಎದ್ದು ಬಂದರು. ಬಂದವರ ಮುಂದಿನಿಂದ ನೀರಿನ ಲೋಟ ಎತ್ತಿದ್ದು ಅವರ ಜೀವಮಾನದಲ್ಲಿ ಇಲ್ಲ. ಅವಳ ಲೋಟದ ಮೇಲೆ ಕೈ ಇಟ್ಟರು, ಎತ್ತಲಾಗದೆ ಹಾಗೇ ನಿಂತರು.

"ಇರ್ಲಿ ಬಿಡ್ರಿ ಅಪ್ಪಾರ" ಎಂದಳು ರೇಣವ್ವ. "ಇಟ್ಟಿದ್ದು ಇರ್ಲಿ."

ಅಪ್ಪ ಕೈ ತೆಗೆದರು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ಮೆಲ್ಲಗೆ ನನ್ನ ಕಡೆ ಸರಿಸಿದಳು.

"ನೀವು ಕುಡೀರಿ ಅಕ್ಕಾರ. ನನ್ನ ಮುಂದ ಕುಡೀರಿ. ನಾ ನೋಡ್ತೀನಿ."

ನನ್ನ ಕಾಲು ಮೇಜಿನ ಕೆಳಗೆ ಮತ್ತೆ ಅದುರತೊಡಗಿತ್ತು. ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದೆ. ನನ್ನ ಗಂಟಲು ಏರಿಳಿಯುವುದನ್ನು ಅವಳು ನೋಡುತ್ತಿದ್ದಳು. ಲೋಟ ಕೆಳಗಿಟ್ಟ ಮೇಲೆ ಕೇಳಿದಳು:

"ತಣ್ಣಗ ಐತೇನ್ರಿ?"

"ಹೂಂ" ಎಂದೆ. "ತಣ್ಣಗಿದೆ."